ಹೊರಗೋಡೆಯ ಗಾರೆ: ಕಾಲ ನೋಡಿ ಕೆಲಸ ಹಿಡಿಯುವುದು

ಹಳೇ ಮನೆಗಳ ಹೊರಗೋಡೆಯ ಗಾರೆ ಕಿತ್ತು ಹೊಸದಾಗಿ ಮಾಡಿಸುವುದು ನನ್ನ ಕೆಲಸ. ಮನೆಯವರು ಫೋನ್ ಮಾಡಿದಾಗ ಕೇಳುವುದು ಎಷ್ಟು ಖರ್ಚು, ಎಷ್ಟು ದಿನ ಅಂತ. ಯಾವಾಗ ಶುರು ಅನ್ನುವುದನ್ನು ಮಾತ್ರ ಅವರೇ ಮೊದಲೇ ತೀರ್ಮಾನ ಮಾಡಿರುತ್ತಾರೆ. ರಜೆ ಸಿಕ್ಕಿದೆ, ಇಲ್ಲಾ ಕೈಗೆ ದುಡ್ಡು ಬಂದಿದೆ, ಅದಕ್ಕೇ ಈ ತಿಂಗಳು. ಒಳ್ಳೆಯ ಮೇಸ್ತ್ರಿ, ಒಳ್ಳೆಯ ಸಿಮೆಂಟ್, ತೊಳೆದ ಮರಳು ಎಲ್ಲಾ ಇದ್ದೂ ಕಾಲ ಸರಿಯಿಲ್ಲದ್ದಕ್ಕೇ ಹಾಳಾದ ಗೋಡೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಹಾಗಾಗಿ ಈಗ ಯಾವ ಮನೆಗೆ ಹೋದರೂ ಮೊದಲು ತಿಂಗಳ ಬಗ್ಗೆಯೇ ಮಾತಾಡುತ್ತೇನೆ.

ಗಾರೆ ಒಣಗಿ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಿಮೆಂಟ್ ಗಟ್ಟಿಯಾಗುವುದು ನೀರಿನ ಜೊತೆ ಸೇರಿ. ಆ ಕ್ರಿಯೆ ಮುಗಿಯುವವರೆಗೂ ಗಾರೆಯ ಒಳಗೆ ನೀರು ಉಳಿದಿರಬೇಕು. ಬೇಗ ಒಣಗಿಬಿಟ್ಟರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಮೇಲ್ಮೈ ಪುಡಿಪುಡಿಯಾಗಿ ಉದುರುತ್ತದೆ, ಬಿರುಕು ಬಿಡುತ್ತದೆ. ಚಳಿ ಜಾಸ್ತಿಯಾದರೆ ಅದೇ ಕ್ರಿಯೆ ತೀರಾ ನಿಧಾನವಾಗುತ್ತದೆ. ಹೆಪ್ಪುಗಟ್ಟುವ ಚಳಿ ಬಿದ್ದರಂತೂ ಹಸಿ ಗಾರೆಯ ಒಳಗಿನ ನೀರು ಮಂಜುಗಡ್ಡೆಯಾಗಿ ಸುಮಾರು 9 ಶೇಕಡಾ ಹಿಗ್ಗುತ್ತದೆ. ಇನ್ನೂ ಬಲ ಬಾರದ ಗಾರೆ ಒಳಗೊಳಗೇ ಒಡೆಯುತ್ತದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಕೆಲವು ತಿಂಗಳಾದ ಮೇಲೆ ಪದರ ಎದ್ದು ಬರುತ್ತದೆ.

ಹಾಗಾಗಿ ತೀರಾ ಬಿಸಿಲೂ ಇಲ್ಲದ, ತೀರಾ ಚಳಿಯೂ ಇಲ್ಲದ, ಮಳೆ ನಿಂತ ಕಾಲ ಬೇಕು. ಹಗಲು 10ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ. ಹೆಚ್ಚಿನವರು ಮಧ್ಯಾಹ್ನದ ಬಿಸಿ ನೋಡಿ ಸುಮ್ಮನಾಗುತ್ತಾರೆ. ನಾನು ನೋಡುವುದು ರಾತ್ರಿಯ ಚಳಿಯನ್ನು. ಗಾರೆ ಹಾಕುವ ಹಿಂದಿನ ದಿನದಿಂದ ಹಿಡಿದು, ಹಾಕಿದ ಮೇಲೆ ಎರಡು ದಿನದವರೆಗೂ ಉಷ್ಣತೆ 4–5 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಸಿಮೆಂಟ್ ರಾತ್ರಿಯೂ ಕೆಲಸ ಮಾಡುತ್ತಲೇ ಇರುತ್ತದೆ, ಅಲ್ವಾ?

ಇನ್ನೊಂದು ವಿಷಯ, ಒಳ್ಳೆಯ ದಿನ ಒಂದೆರಡು ಸಿಕ್ಕರೆ ಸಾಲದು. ಸಿಮೆಂಟ್ ಗಾರೆಯನ್ನು ಸಾಮಾನ್ಯವಾಗಿ ಮೂರು ಕೋಟ್‌ಗಳಲ್ಲಿ ಹಾಕುತ್ತೇವೆ. ಗೀರು ಎಳೆದ ಮೊದಲ ಕೋಟ್, ಮಟ್ಟ ಮಾಡುವ ಎರಡನೇ ಕೋಟ್, ಮೇಲಿನ ತೆಳು ಫಿನಿಶ್. ಎಲ್ಲಾ ಸೇರಿ ಸುಮಾರು 22 ಮಿಲಿಮೀಟರ್ ದಪ್ಪ. ಒಂದೊಂದು ಕೋಟ್ ಆದ ಮೇಲೂ ಕ್ಯೂರಿಂಗ್ ಬೇಕು, ಅಂದರೆ ಗಾರೆ ಬೇಗ ಒಣಗದ ಹಾಗೆ ತೇವವಾಗಿಡಬೇಕು, ಫಿನಿಶ್ ಹಾಕುವ ಮುಂಚೆ ಒಂದು ವಾರವಾದರೂ ಬಿಟ್ಟರೆ ಒಳ್ಳೆಯದು. ಬರುವ ಸಣ್ಣಪುಟ್ಟ ಬಿರುಕುಗಳು ಅಷ್ಟರಲ್ಲಿ ಬಂದುಬಿಡುತ್ತವೆ, ಫಿನಿಶ್ ಅವನ್ನು ಮುಚ್ಚುತ್ತದೆ. ಕೀಳುವ ಕೆಲಸ, ರಿಪೇರಿ, ಇವನ್ನೂ ಸೇರಿಸಿದರೆ ಮೂರು ನಾಲ್ಕು ವಾರ ಬೇಕೇ ಬೇಕು. ಋತು ಮುಗಿಯುವ ಹೊತ್ತಿಗೆ ಶುರು ಮಾಡಿದವರು ಫಿನಿಶ್ ಹಾಕುವಾಗ ಸಿಕ್ಕಿಬೀಳುತ್ತಾರೆ. ಒಳ್ಳೆಯ ಕಾಲದ ಮೊದಲ ಭಾಗದಲ್ಲೇ ಸಾರವೆ ಕಟ್ಟಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಬಿಸಿಲಿಗಿಂತ ನನಗೆ ಗಾಳಿಯ ಭಯ ಜಾಸ್ತಿ. ಒಂದು ಮನೆಯ ಗೋಡೆ ನೋಡಲು ಕರೆದಿದ್ದರು. ನಾಲ್ಕೂ ಕಡೆ ಒಂದೇ ಮೇಸ್ತ್ರಿ, ಒಂದೇ ಮಿಶ್ರಣ. ಮೂರು ಗೋಡೆ ಚೆನ್ನಾಗಿದ್ದವು. ಬಯಲಿನ ಕಡೆಗಿದ್ದ ಗೋಡೆಯಲ್ಲಿ ಮಾತ್ರ ಜೇಡರ ಬಲೆಯ ಹಾಗೆ ಸಣ್ಣ ಬಿರುಕುಗಳು. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಅಲ್ಲಲ್ಲಿ ಟೊಳ್ಳು ಸದ್ದು. ಗಾರೆ ಹಾಕಿದ ದಿನ ಬಿಸಿಲೇನೂ ಇರಲಿಲ್ಲವಂತೆ, ಒಣ ಗಾಳಿ ಮಾತ್ರ ಬೀಸುತ್ತಿತ್ತಂತೆ. ಮನೆಯವರಿಗೆ ಆಶ್ಚರ್ಯ. ಆದರೆ ನೀರು ಆರುವುದಕ್ಕೆ ಬಿಸಿಲೇ ಬೇಕಂತೇನಿಲ್ಲ. ಗಾಳಿಯಲ್ಲಿ ತೇವ ಕಡಿಮೆಯಿದ್ದು ಬೀಸು ಜೋರಾಗಿದ್ದರೆ ಸಾಕು, ಹದವಾದ ದಿನದಲ್ಲೂ ಹಸಿ ಗಾರೆಯ ಮೇಲ್ಮೈ ಬೇಗ ಆರಿ, ಕುಗ್ಗಿ, ಬಿರಿಯುತ್ತದೆ. ಆ ಮನೆ ನೋಡಿದ ಮೇಲೆ ನಾನು ಹವಾಮಾನ ನೋಡುವಾಗ ಗಾಳಿಯ ವೇಗವನ್ನೂ ಬಿಡದೆ ನೋಡುತ್ತೇನೆ. ಗಾಳಿ ಜೋರಿದ್ದರೆ ಸಾರವೆಗೆ ಬಲೆಬಟ್ಟೆ ಕಟ್ಟಿಸುತ್ತೇನೆ, ಇಲ್ಲವೇ ಆ ಗೋಡೆಯ ಕೆಲಸವನ್ನು ಮುಂದಕ್ಕೆ ಹಾಕುತ್ತೇನೆ.

ಒಳ್ಳೆಯ ಕಾಲದಲ್ಲೂ ದಿನದೊಳಗೆ ನೆರಳು ಹುಡುಕಿ ಕೆಲಸ ಮಾಡಬೇಕು. ಪೂರ್ವದ ಗೋಡೆ ಮಧ್ಯಾಹ್ನದ ಮೇಲೆ, ಪಶ್ಚಿಮದ ಗೋಡೆ ಬೆಳಿಗ್ಗೆ. ಬಿಸಿಲು ಬಿದ್ದ ಗೋಡೆ ಸುತ್ತಲಿನ ಗಾಳಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಇಟ್ಟಿಗೆ ಗೋಡೆಯಾದರೆ ಮೊದಲು ನೀರು ಚಿಮುಕಿಸಿ ತಣಿಸಬೇಕು, ಇಲ್ಲದಿದ್ದರೆ ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಳ್ಳುತ್ತದೆ. ನೀರು ಸುರಿಯುವಷ್ಟು ನೆನೆಸುವುದೂ ತಪ್ಪು. ಒಂದು ಗೋಡೆಯ ಫಿನಿಶ್ ಶುರು ಮಾಡಿದರೆ ಮೂಲೆಯಿಂದ ಮೂಲೆಗೆ ಅದೇ ದಿನ ಮುಗಿಸುವುದು ಒಳ್ಳೆಯದು, ಅರ್ಧಕ್ಕೆ ನಿಲ್ಲಿಸಿದರೆ ಬಣ್ಣದ ಛಾಯೆ ಬೇರೆಯಾಗಿ ಗೆರೆ ಕಾಣುತ್ತದೆ.

ಮಳೆಗಾಲದಲ್ಲಿ ಗಾರೆ ಹಾಕಬೇಡಿ ಅಂತ ಹೇಳುತ್ತೇನೆ, ಆದರೆ ಗೋಡೆ ನೋಡಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಹಳೇ ಗಾರೆ ಕೆಟ್ಟಿದ್ದರೆ ಹೆಚ್ಚಿನ ಸಲ ಕಾರಣ ಗಾರೆಯಲ್ಲಿ ಇರುವುದಿಲ್ಲ. ಕಿಟಕಿಯ ಅಂಚು, ಸಜ್ಜಾ ಗೋಡೆಗೆ ಸೇರುವ ಜಾಗ, ಮಳೆನೀರಿನ ಪೈಪು, ಇಂಥ ಕಡೆಯಿಂದ ನೀರು ಒಳಗೆ ಇಳಿದಿರುತ್ತದೆ. ಒಣ ದಿನಗಳಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಮಳೆ ಬೀಳುವಾಗ ಮನೆಯ ಸುತ್ತ ಒಂದು ಸುತ್ತು ಹಾಕಿ, ತೇವ ಕಂಡ ಜಾಗದ ಫೋಟೊ ತೆಗೆದಿಡಿ, ದಿನಾಂಕ ಬರೆದಿಡಿ. ನನಗೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಆ ಜಾಗ ಸರಿಮಾಡದೆ ಮೇಲೆ ಹೊಸ ಗಾರೆ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮಳೆ ನಿಂತ ಮಾರನೇ ದಿನವೇ ಶುರು ಮಾಡುವ ಆತುರವೂ ಬೇಡ. ಗೋಡೆ ಒಳಗೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ಹಳೇ ಗಾರೆ ಕಿತ್ತ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸುತ್ತೇನೆ. ಮರುದಿನ ಹಾಳೆಯ ಒಳಗೆ ನೀರಿನ ಹನಿ ಕೂತಿದ್ದರೆ ಇನ್ನೂ ಕಾಯಬೇಕು. ಮರದ ಚೌಕಟ್ಟಿನ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಗಾರೆಯ ಹಿಂದಿನ ಹಲಗೆ, ನೀರು ತಡೆಯುವ ಕಾಗದ ಎರಡನ್ನೂ ಬಿಚ್ಚಿ ನೋಡಬೇಕಾಗುತ್ತದೆ. ಹಸಿ ಹಲಗೆಯನ್ನು ಮುಚ್ಚಿಬಿಟ್ಟರೆ ಒಳಗೇ ಕೊಳೆಯುತ್ತದೆ. ಇಡೀ ಮನೆಯ ಗಾರೆಯನ್ನು ಒಂದೇ ಸಲ ಕೀಳಿಸುವುದಕ್ಕೆ ನಾನು ಒಪ್ಪುವುದಿಲ್ಲ. ಒಂದೊಂದೇ ಗೋಡೆ, ಪಕ್ಕದಲ್ಲಿ ಟಾರ್ಪಾಲು ಸಿದ್ಧ.

ಬಣ್ಣದ ವಿಷಯದಲ್ಲಿ ಮನೆಯವರ ತಾಳ್ಮೆ ಮುಗಿದಿರುತ್ತದೆ, ನನಗೂ ಅರ್ಥವಾಗುತ್ತದೆ. ಆದರೆ ಹೊಸ ಸಿಮೆಂಟ್ ಗಾರೆಯಲ್ಲಿ ಕ್ಷಾರ ತುಂಬಾ ಇರುತ್ತದೆ. ಸುಮಾರು 28 ದಿನ ಬಿಟ್ಟು ಬಳಿದರೆ ಬಣ್ಣ ನಿಲ್ಲುತ್ತದೆ. ಅವಸರದಲ್ಲಿ ಬಳಿದರೆ ಬಣ್ಣ ಮಂಕಾಗುತ್ತದೆ, ಸುಲಿದು ಬರುತ್ತದೆ, ಬಿಳಿ ಉಪ್ಪು ಮೇಲೆದ್ದು ಕಾಣುತ್ತದೆ. ಒಳ್ಳೆಯ ಕಾಲವನ್ನು ಲೆಕ್ಕ ಹಾಕುವಾಗ ಈ ತಿಂಗಳನ್ನೂ ಸೇರಿಸಿಕೊಳ್ಳಿ.

ಕಾಲ ಮೀರಿ ಹೋಗಿದ್ದರೆ? ಆಗ ಬೀಳುವ ಹಾಗಿರುವ ಗಾರೆಯನ್ನಷ್ಟೇ ತೆಗೆಸಿ, ಕಿಟಕಿಯ ಅಂಚು ಮತ್ತು ದೊಡ್ಡ ಬಿರುಕುಗಳಿಗೆ ಸೀಲೆಂಟ್ ಹಾಕಿಸಿ, ತೆರೆದ ಜಾಗಕ್ಕೆ ಟಾರ್ಪಾಲು ಕಟ್ಟಿಸಿ. ಟಾರ್ಪಾಲಿನ ಹಿಂದೆ ಗಾಳಿಯಾಡಲು ಸ್ವಲ್ಪ ಜಾಗ ಬಿಡಿಸಿ, ಕೆಳಗಿನ ಅಂಚು ಗೋಡೆಯಿಂದ ದೂರ ಇರಲಿ. ಇಷ್ಟು ಮಾಡಿದರೆ ಮುಂದಿನ ಒಳ್ಳೆಯ ಕಾಲದವರೆಗೆ ಹೆಚ್ಚಿನ ಗೋಡೆಗಳು ತಡೆದುಕೊಳ್ಳುತ್ತವೆ. ಮೇಸ್ತ್ರಿಯನ್ನು ಮಾತ್ರ ಈಗಲೇ ಗೊತ್ತು ಮಾಡಿಕೊಳ್ಳಿ, ಒಳ್ಳೆಯ ತಿಂಗಳುಗಳಲ್ಲಿ ಎಲ್ಲರಿಗೂ ಅವರೇ ಬೇಕು.