ಜಗನ್ಮೋಹನದ ದೇವಿಯನ್ನು ಎದುರು ನಿಂತು ನೋಡಬೇಡಿ

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು, ಮಧ್ಯಾಹ್ನ ದೊಡ್ಡ ಅರಮನೆ ಸುತ್ತಿ, ಕೊನೆಗೆ ಕಾಲೆಳೆದುಕೊಂಡು, ಈಗ ಚಿತ್ರಶಾಲೆಯಾಗಿರುವ ಮೈಸೂರಿನ ಜಗನ್ಮೋಹನ ಅರಮನೆಗೆ ಹೋದೆ. ಮೈಸೂರು ಶೈಲಿಯ ದೇವಿ ಚಿತ್ರಗಳ ಮುಂದೆ ಒಂದು ನಿಮಿಷವೂ ನಿಲ್ಲಲಿಲ್ಲ. ಗಾಜಿನಲ್ಲಿ ನನ್ನ ಸುಸ್ತಾದ ಮುಖವೇ ಕಾಣುತ್ತಿತ್ತು!

ಎರಡನೇ ಸಲ ಬೆಳಿಗ್ಗೆ ತಿಂಡಿ ಮುಗಿಸಿ ನೇರ ಅಲ್ಲಿಗೇ ಹೋದೆ. ನೀವೂ ಹಾಗೇ ಮಾಡಿ. ದೊಡ್ಡ ಅರಮನೆಯಿಂದ ನಡೆದೇ ಹೋಗಬಹುದು, ಆಟೋ ಬೇಡ. ದಸರಾ ದಿನಗಳಲ್ಲಂತೂ ಬೇಡವೇ ಬೇಡ, ಜನ ಜಾಸ್ತಿ.

ಈ ಕಟ್ಟಡ 1861ರದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ್ದು. ಇವತ್ತು ನಾವು ಮೈಸೂರು ಚಿತ್ರ ಅನ್ನುವ ಶೈಲಿ ಬೆಳೆದದ್ದು ಹೆಚ್ಚಾಗಿ ಇವರ ಆಸ್ಥಾನದಲ್ಲೇ. ದೇವರ ರೂಪಗಳನ್ನು ಚಿತ್ರಸಮೇತ ವಿವರಿಸುವ ಶ್ರೀತತ್ತ್ವನಿಧಿ ಗ್ರಂಥ ಮಾಡಿಸಿದವರೂ ಇವರೇ.

ಒಳಗೆ ಹೆಚ್ಚಿನವರು ಕಲಾವಿದ ಹಲ್ದಣ್ಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರವನ್ನೂ ರವಿವರ್ಮನ ಚಿತ್ರಗಳನ್ನೂ ಹುಡುಕಿಕೊಂಡು ಓಡುತ್ತಾರೆ. ಓಡಲಿ ಬಿಡಿ, ನಿಮಗೆ ಜಾಗ ಸಿಗುತ್ತದೆ.

ನಾನು ನಿಂತದ್ದು ಒಂದು ರಾಜರಾಜೇಶ್ವರಿಯ ಮುಂದೆ. ಕೈಯಲ್ಲಿ ಕಬ್ಬಿನ ಬಿಲ್ಲು, ಹೂವಿನ ಬಾಣ, ಪಾಶ, ಅಂಕುಶ. ಎದುರಿನಿಂದ ನೋಡಿದಾಗ ಚಿನ್ನ ಮಂಕಾದ ಹಳದಿಯಂತೆ ಇತ್ತು. ಎರಡು ಹೆಜ್ಜೆ ಎಡಕ್ಕೆ ಸರಿದು ಓರೆಯಾಗಿ ನೋಡಿದೆ ನೋಡಿ, ಕಿರೀಟ, ಸರ, ಸೀರೆಯಂಚು ಎಲ್ಲಾ ಒಮ್ಮೆಲೇ ಮೇಲೆದ್ದವು. ಸರದ ಒಂದೊಂದು ಮಣಿಯೂ ಸಾಸಿವೆ ಕಾಳಿಗಿಂತ ಚಿಕ್ಕದು. ಸಫೇದ ಅನ್ನುವ ಬಿಳಿ ಪುಡಿ, ಗೋಂದು, ಮಕ್ಕಿ ಅನ್ನುವ ಹಳದಿ ಮರದಂಟು ಸೇರಿಸಿ ಅರೆದ ಹದದಿಂದ ಈ ಉಬ್ಬು ಗೆರೆ ಎಳೆದು, ಮೇಲೆ ಚಿನ್ನದ ರೇಕು, ಅಂದರೆ ತೆಳ್ಳನೆಯ ಹಾಳೆ, ಕೂರಿಸುತ್ತಾರೆ. ತಂಜಾವೂರಿನದ್ದರಲ್ಲಿ ಉಬ್ಬು ದಪ್ಪ, ಕಲ್ಲೂ ಇರುತ್ತದೆ, ದೂರದಿಂದಲೇ ಹೊಳೆಯುತ್ತದೆ. ಮೈಸೂರಿನದ್ದು ಹತ್ತಿರ ಕರೆಯುತ್ತದೆ. ನನಗೆ ಇದೇ ಇಷ್ಟ, ಪಕ್ಷಪಾತ ಅಂದರೂ ಸರಿ.

ಮೊಬೈಲ್ ಟಾರ್ಚ್ ಹಾಕಬೇಡಿ. ಗಾಜಿನ ಮೇಲೆ ಬೆಳಕು ಕುಕ್ಕಿ ಏನೂ ಕಾಣುವುದಿಲ್ಲ, ಹಳೇ ಬಣ್ಣಕ್ಕೂ ಒಳ್ಳೆಯದಲ್ಲ. ಮೇಲಿನ ರಂಗಮಹಲ್ ಬಿಡಬೇಡಿ. ಅಲ್ಲಿ ಗೋಡೆಯ ಮೇಲೇ ದಸರಾ ಮೆರವಣಿಗೆ ಬರೆದಿದ್ದಾರೆ. ಮೆಟ್ಟಿಲು ಇರುವುದರಿಂದ ಮಂಡಿ ನೋವಿನವರು ಮೊದಲೇ ಯೋಚಿಸಿ.

ಚಿತ್ರ ಕೊಳ್ಳುವವರಿಗೆ ಒಂದು ಮಾತು. ಪೇಟೆಯ ಒಂದು ಅಂಗಡಿಯಲ್ಲಿ ನಾನು ‘ಅಪ್ಪಟ ಚಿನ್ನ’ ಅಂತ ನಂಬಿ ತಂದ ಲಕ್ಷ್ಮಿ, ಎರಡೇ ವರ್ಷಕ್ಕೆ ಕಪ್ಪಾದಳು. ನಿಜವಾದ ಚಿನ್ನದ ರೇಕು ಹಾಗೆ ಕಪ್ಪಾಗುವುದಿಲ್ಲ ಅಲ್ವಾ? ಆದ್ದರಿಂದ ಚಿತ್ರವನ್ನು ಬಾಗಿಲ ಬೆಳಕಿಗೆ ತಂದು ಓರೆ ಹಿಡಿದು ನೋಡಿ. ಉಬ್ಬೇ ಕಾಣದಿದ್ದರೆ ಅದು ಪ್ರಿಂಟ್ ಇರಬಹುದು. ಯಾವ ರೇಕು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕಿದರೆ ಸುಮ್ನೆ ಎದ್ದು ಬನ್ನಿ.