ಮೈ ಬಿಡ್ರಿ ಕಾಕಾ

"ಮೈ ಬಿಡ್ರಿ ಕಾಕಾ."

"ಬಿಟ್ಟೇನಿ ಯವ್ವಾ."

ಮಂಗಳವಾರದಿಂದ ಈ ಎರಡು ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ಹುಬ್ಬಳ್ಳಿಯ ಒಂದು ಫಿಸಿಯೋಥೆರಪಿ ಸೆಂಟರು. ಮೈ ಸಡಿಲ ಬಿಡಿ ಅಂದವಳು ಅಲ್ಲಿನ ಹುಡುಗಿ, ಬಿಟ್ಟೇನಿ ಅಂದವನು ಅಪ್ಪ. ಅಪ್ಪನನ್ನು ಅಂಗಾತ ಮಲಗಿಸಿ, ಎದೆಗೊಂದು ಸೊಂಟಕ್ಕೊಂದು ಅಗಲವಾದ ಬೆಲ್ಟ್ ಬಿಗಿದು, ಮೊಣಕಾಲ ಕೆಳಗೆ ದಿಂಬು ಕೊಟ್ಟಿದ್ದರು. ಮಷಿನ್ನು ಸೊಂಟವನ್ನು ಕಾಲಿನ ಕಡೆ ನಿಧಾನ ಜಗ್ಗುತ್ತದೆ, ಒಂದು ನಿಮಿಷ ಹಿಡಿಯುತ್ತದೆ, ಸಡಿಲ ಬಿಡುತ್ತದೆ, ಮತ್ತೆ ಜಗ್ಗುತ್ತದೆ. ಬೆನ್ನೆಲುಬಿನ ಮಣಿಗಳ ನಡುವೆ ಜಾಗವಾಗಿ, ಅಲ್ಲಿ ಮೆತ್ತೆಯಂತಿರುವ, ಈಗ ಉಬ್ಬಿದ ಡಿಸ್ಕು ನರವನ್ನು ಒತ್ತುವುದು ಕಡಿಮೆಯಾಗಲಿ ಅಂತ. ಒಮ್ಮೆಲೇ ಜಗ್ಗಿದರೆ ಸ್ನಾಯು ಬಿಗಿದುಕೊಳ್ಳುತ್ತದಂತೆ, ಅದಕ್ಕೇ ಇಷ್ಟು ನಿಧಾನ.

ಬಿಟ್ಟೇನಿ ಅನ್ನುತ್ತಿದ್ದವನ ಬೆರಳು ನೋಡಿದರೆ ಮೇಜಿನ ಅಂಚು ಹಿಡಿದು ಉಗುರು ಬೆಳ್ಳಗಾಗಿದ್ದವು. 34 ವರ್ಷ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವನು. ಲಾರಿಗೆ ಹಚ್ಚಿದ ಹಲಗೆ ಏರುವಾಗ ಮೈ ಬಿಟ್ಟರೆ ಮೆಣಸಿನಕಾಯಿ ಚೀಲದ ಜೊತೆ ತಾನೂ ಕೆಳಗೆ.

"ಎಷ್ಟ ಕೆಜಿ ಜಗ್ಗಾಕತ್ತೇತಿ?" ಅಂದ.

"25 ರೀ."

"ಇನ್ನೊಂದೀಟ ಹಾಕವಾ, ತಾಳತೇನಿ."

"ತಾಳೂದ ಬ್ಯಾಡ್ರಿ ಕಾಕಾ. ಮೈ ಬಿಡ್ರಿ."

ಆ ಹುಡುಗಿಗೆ 24-25 ವಯಸ್ಸಿರಬೇಕು. ಒಮ್ಮೆಯೂ ದನಿ ಏರಿಸಲಿಲ್ಲ. ಟವೆಲ್ಲೊಂದನ್ನು ಸುರುಳಿ ಸುತ್ತಿ, ಅಂಚಿನಿಂದ ಅವನ ಎಡಗೈ ಬಿಡಿಸಿ ಅದರೊಳಗಿಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

ಕೌಂಟರಿನಲ್ಲಿದ್ದವನ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. 20 ಸಿಟ್ಟಿಂಗಿನ ಪ್ಯಾಕೇಜು, ಇವತ್ತೇ ಕಟ್ಟಿದರೆ ರಿಯಾಯಿತಿ, ಇಲ್ಲಾಂದರೆ "ಮುಂದ ಆಪರೇಶನ್ನ ರೀ" ಅಂದ, ಅದೂ ಅಪ್ಪನ ಮುಂದೆಯೇ. ಎಂಆರ್‌ಐ ನೋಡಿದ ಡಾಕ್ಟರು ಹಾಗೆ ಹೇಳಿರಲಿಲ್ಲ. ಸೊಂಟದ 4 ಮತ್ತು 5ನೇ ಮಣಿಗಳ ನಡುವಿನ ಡಿಸ್ಕು ಉಬ್ಬಿದೆ, ಇಂಥ ನೋವು ಬಹಳ ಮಂದಿಗೆ ಆಪರೇಶನ್ ಇಲ್ಲದೆಯೇ ಕೆಲವು ವಾರ, ತಿಂಗಳಲ್ಲಿ ತಗ್ಗುತ್ತದೆ, ಜಗ್ಗಿಸಿದರೆ ಕೆಲವರಿಗೆ ಹಿತ, ಆದರೆ ವ್ಯಾಯಾಮಕ್ಕಿಂತ ಮೇಲು ಅನ್ನಲು ಗಟ್ಟಿ ಪುರಾವೆ ಇಲ್ಲ ಅಂದಿದ್ದರು. ಎಲುಬು ಟೊಳ್ಳಾಗಿಲ್ಲ ಅಂತ ನೋಡಿಕೊಂಡೇ ಒಪ್ಪಿದ್ದು. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ ಅಂತಲೂ ಹೇಳಿದ್ದರು. ನೋವು ತಿನ್ನುತ್ತಿರುವವನನ್ನು ಹೆದರಿಸಿ ರೊಕ್ಕ ಕೀಳುವುದು ಪಾಪದ ಕೆಲಸ. ನಾನು 4 ಸಲಕ್ಕಷ್ಟೇ ಕಟ್ಟಿ ಬಂದೆ.

ಮುಂದಕ್ಕೆ ಬಾಗಿ ಕೂತರೆ ಡಿಸ್ಕಿನ ಮೇಲೆ ನಿಂತಾಗಿನಕ್ಕಿಂತ ಹೆಚ್ಚು ಒತ್ತಡ ಬೀಳುತ್ತದಂತೆ. ಹಾಗಾಗಿ ವಾಪಸ್ ಬರುವಾಗ ಅಪ್ಪ ಮೋಟೆಬೆನ್ನೂರಿನವರೆಗೂ ಬಸ್ಸಿನ ಕಂಬಿ ಹಿಡಿದು ನಿಂತೇ ಬಂದ. "ಗಟ್ಟಿ ಹಿಡಿಯಪಾ" ಅಂದೆ. ಅಂದ ಮೇಲೆ ನೆನಪಾಯಿತು, ಬೆಳಿಗ್ಗೆ ಹೊರಡುವಾಗಲೂ "ಗಟ್ಟಿ ಇರು" ಅಂದಿದ್ದೆ. ಅಕ್ಕನ ಮದುವೆ ಸಾಲದ ವರ್ಷ ಅವ್ವ ಅಂದದ್ದೂ ಅದನ್ನೇ, ನನ್ನ ಬಿ.ಎಡ್ ಫೀಸಿಗೆ ಅವನು ಜ್ವರದಲ್ಲೇ ಲೋಡಿಂಗಿಗೆ ಹೋದಾಗ ನಾನು ಅಂದದ್ದೂ ಅದನ್ನೇ. ಮೈ ಬಿಡು ಅಂತ ಮನೆಯಲ್ಲಿ ಯಾರೂ ಅಂದಿರಲಿಲ್ಲ. ಅದನ್ನು ಹೇಳಲು ಗುರುತಿಲ್ಲದ ಹುಡುಗಿಯೊಬ್ಬಳು ಬೇಕಾಯಿತು.

ನಿನ್ನೆ ಎರಡನೇ ಸಲ ಹೋಗಿದ್ದೆವು. ಅರ್ಧ ತಾಸಿನ ಕೊನೆಗೆ ಟವೆಲ್ಲು ಎಡಗೈಯಿಂದ ಜಾರಿ ಕೆಳಗೆ ಬಿತ್ತು. ಬಲಗೈ ಇನ್ನೂ ಅಂಚು ಹಿಡಿದೇ ಇತ್ತು.