ಧ್ರುವಕ್ಕೆ ಹೋಗುವ ಮೋಡದಲ್ಲಿ ಉಳಿಯೋದೆಷ್ಟು?

ಜುಲೈ 9, 2023, ಭಾನುವಾರ. ಗದಗ.

ಹೆಸರು ಬಿತ್ತುವ ಹೊತ್ತು ಮೀರಿತು, ಹೊಲ ಹಾಗೇ ಬಿದ್ದಿದೆ. ಕರಾವಳಿಯಲ್ಲಿ ಮಾತ್ರ ಈ ವಾರ ಸುರಿದದ್ದೇ ಸುರಿದದ್ದು. ಟಿವಿಯಲ್ಲಿ ಅದನ್ನ ನೋಡಿ ಕಾಕಾಗೆ ಸಿಟ್ಟು ಬಂತು: "ಎಲ್ಲಾ ಅಲ್ಲೇ ಸುರದ ಬರ್ತಾವ ಈ ಮೋಡ, ನಮಗ ಬರೇ ಗಾಳಿ!"

ಸಿಟ್ಟಿನ ಮಾತಾದರೂ ವಿಜ್ಞಾನ ಸರಿಯಾಗಿಯೇ ಇದೆ. ಘಟ್ಟ ಹತ್ತುವಾಗ ಗಾಳಿ ತಣ್ಣಗಾಗುತ್ತದೆ, ಹೊತ್ತು ತಂದ ನೀರನ್ನು ಅಲ್ಲೇ ಇಳಿಸುತ್ತದೆ. ಕ್ಯಾಸಲ್ ರಾಕ್‌ನಲ್ಲಿ ಮೀಟರ್‌ಗಟ್ಟಲೆ ಬೀಳುವ ಮಳೆ, ಅದೇ ರೈಲು ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ ದಾಟಿ ಗದಗಿಗೆ ಬರುವಷ್ಟರಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿಗೆ ಬಂದು ನಿಂತಿರುತ್ತದೆ.

ನಾನು ಕೆಲವು ದಿನದಿಂದ ಅಂಟಾರ್ಕ್ಟಿಕಾದ ಬಗ್ಗೆ ಓದುತ್ತಿದ್ದೇನೆ, ಸುಮ್ನೆ ಹುಚ್ಚು. ಅಲ್ಲೂ ಹೀಗೇ ಆಗುತ್ತದೆ, ಆದರೆ ಅಲ್ಲಿ ಹತ್ತಬೇಕಾದದ್ದು ಮೂರು ಕಿಲೋಮೀಟರಿಗೂ ಜಾಸ್ತಿ ಎತ್ತರದ ಮಂಜುಗಡ್ಡೆ. ಜೊತೆಗೆ, ಗಾಳಿ ಒಂದು ಡಿಗ್ರಿ ತಣ್ಣಗಾದರೆ ಅದರಲ್ಲಿ ಹಿಡಿಸುವ ನೀರಾವಿ ಸುಮಾರು 7 ಶೇಕಡಾ ಕಡಿಮೆಯಾಗುತ್ತದೆ. ಹಾಗಾಗಿ ಖಂಡದ ನಡುವೆ ವರ್ಷಕ್ಕೆ ಬೀಳುವ ಹಿಮವನ್ನೆಲ್ಲ ಕರಗಿಸಿದರೂ 50 ಮಿಲಿಮೀಟರ್ ನೀರು ಆಗೋದಿಲ್ಲ. ನಮ್ಮಲ್ಲಿ ಒಂದು ಜೋರು ಮಳೆ ಅಷ್ಟು ಸುರಿದು ಹೋಗುತ್ತದೆ, ಅಲ್ವಾ? ಎಷ್ಟೋ ದಿನ ಅಲ್ಲಿ ಮೋಡವೇ ಇರುವುದಿಲ್ಲ. ತಿಳಿ ಆಕಾಶದಿಂದಲೇ ಸಣ್ಣ ಸಣ್ಣ ಹಿಮದ ಹರಳು ಉದುರುತ್ತವೆ, ಬಿಸಿಲಿಗೆ ಮಿನುಗುತ್ತವೆ. ಅದಕ್ಕೆ ವಜ್ರದ ಧೂಳು ಅಂತಾರೆ.

ಆ ಖಂಡದ ಸುತ್ತ ಬಿರುಗಾಳಿಗಳು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಲೇ ಇರುತ್ತವೆ, ಒಳಗೆ ನುಗ್ಗೋದು ಕಡಿಮೆ. ಆದರೆ ಯಾವಾಗಲಾದರೂ ದಾರಿಯಲ್ಲಿ ಅಧಿಕ ಒತ್ತಡದ ಗಾಳಿ ಅಡ್ಡ ನಿಂತರೆ, ದೂರದ ಬೆಚ್ಚಗಿನ ಸಮುದ್ರದ ಆವಿ ಉದ್ದನೆಯ ಪಟ್ಟಿಯಾಗಿ ನೇರ ದಕ್ಷಿಣಕ್ಕೆ ತಿರುಗುತ್ತದೆ. ಇದೇ ವಾತಾವರಣದ ನದಿ. ಮಾರ್ಚ್ 2022ರಲ್ಲಿ ಇಂಥದ್ದೊಂದು ಪೂರ್ವ ಅಂಟಾರ್ಕ್ಟಿಕಾದ ಒಳಗೆ ನುಗ್ಗಿತು. ಖಂಡದ ಒಳಭಾಗದ ಕಾಂಕಾರ್ಡಿಯಾ ಸಂಶೋಧನಾ ಕೇಂದ್ರದಲ್ಲಿ ಉಷ್ಣಾಂಶ ಮೈನಸ್ 12ರ ಹತ್ತಿರ ಬಂತು, ಅಂದರೆ ಆ ಹೊತ್ತಿಗೆ ಇರಬೇಕಾದ್ದಕ್ಕಿಂತ ಸುಮಾರು 40 ಡಿಗ್ರಿ ಜಾಸ್ತಿ! ಕರಾವಳಿಯಲ್ಲಿ ಮಳೆಯೂ ಆಯಿತು. ಇದನ್ನು ಓದಿದವರು ಮಂಜುಗಡ್ಡೆಯೆಲ್ಲ ಕರಗಿತು ಅಂದುಕೊಳ್ಳುತ್ತಾರೆ. ಆದರೆ ಕರಗಿದ್ದಕ್ಕಿಂತ ಹೊಸದಾಗಿ ಬಿದ್ದ ಹಿಮವೇ ಜಾಸ್ತಿ ಇತ್ತು. ಹಾಗಂತ ಬಿಸಿಯಿಂದ ಒಳ್ಳೇದೇ ಆಯ್ತು ಅಂತ ವಾದ ಮಾಡೋರೂ ಇದ್ದಾರೆ, ಅವರ ಜೊತೆ ನನಗೆ ಜಗಳವಿದೆ. ಮಂಜುಗಡ್ಡೆಯನ್ನು ಅಡಿಯಿಂದ ಸಮುದ್ರ ಕೊರೆಯುತ್ತಿರುವುದನ್ನು ಅವರು ಲೆಕ್ಕಕ್ಕೇ ಹಿಡಿಯೋದಿಲ್ಲ.

ಮೇಲಿಂದ ಬಿದ್ದ ಹಿಮವೆಲ್ಲ ನೆಲ ಮುಟ್ಟುತ್ತದೆ ಅಂತಲೂ ಇಲ್ಲ. ನಡುವಿನ ಎತ್ತರದಿಂದ ತಣ್ಣಗಿನ, ಭಾರವಾದ ಗಾಳಿ ಇಳಿಜಾರು ಹಿಡಿದು ಸಮುದ್ರದ ಕಡೆ ಧಾವಿಸುತ್ತದೆ. ಇಳಿಯುತ್ತಾ ಸ್ವಲ್ಪ ಬಿಸಿಯಾಗುತ್ತದೆ, ಹಾಗಾಗಿ ಇನ್ನೂ ಒಣಗುತ್ತದೆ. ಬೀಳುತ್ತಿರುವ ಹಿಮವನ್ನು ನಡುದಾರಿಯಲ್ಲೇ ಆವಿ ಮಾಡಿ ನುಂಗಿಬಿಡುತ್ತದೆ. ಫ್ರೆಂಚರ ಡ್ಯುಮೋಂ ಡರ್ವಿಲ್ ಕೇಂದ್ರದಲ್ಲಿ ರೇಡಾರ್ ಇಟ್ಟು ನೋಡಿದಾಗ ಇದು ಚೆನ್ನಾಗಿ ಕಂಡಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಭಾರದ ನೀರಿನ ಲೆಕ್ಕ. ನೀರಿನ ಕೆಲವು ಕಣಗಳಲ್ಲಿ ಭಾರದ ಆಮ್ಲಜನಕ ಇರುತ್ತದೆ. ಮೋಡ ದಾರಿಯುದ್ದಕ್ಕೂ ಸುರಿಸುತ್ತಾ ಹೋಗುವಾಗ ಇವು ಬೇಗ ಬಿದ್ದುಹೋಗುತ್ತವೆ, ಚಳಿ ಹೆಚ್ಚಿದಷ್ಟೂ ಕೊನೆಗೆ ಬೀಳುವ ಹಿಮದಲ್ಲಿ ಇವು ಕಡಿಮೆ. ಡೆನ್ಮಾರ್ಕಿನ ವಿಜ್ಞಾನಿ ವಿಲ್ಲಿ ಡಾನ್ಸ್‌ಗಾರ್ಡ್ ಇದನ್ನು ಹಿಡಿದು ಹಳೆಯ ಕಾಲದ ಚಳಿ ಅಳೆಯುವ ದಾರಿ ತೋರಿಸಿದರು. ಕಾಂಕಾರ್ಡಿಯಾ ಇರುವ ಡೋಮ್ ಸಿ ಜಾಗದಲ್ಲೇ ಕೊರೆದ ಮಂಜುಗಡ್ಡೆಯಿಂದ ಹೀಗೆ 8 ಲಕ್ಷ ವರ್ಷದ ಕಥೆ ಸಿಕ್ಕಿದೆ. ಆದರೆ ಆವಿ ಎದ್ದ ಸಮುದ್ರವೇ ಬೇರೆಯಾಗಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಭಾರದ ಹೈಡ್ರೋಜನ್ನನ್ನೂ ಅಳೆಯುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಆ ಸಮುದ್ರ ಎಷ್ಟು ಬೆಚ್ಚಗಿತ್ತು ಅನ್ನುವ ಸುಳಿವೂ ಸಿಗುತ್ತದೆ.